ಜಾಫ್ನಾ ಬಸ್ಸು ಮತ್ತು ಇಟ್ಟಿಗೆಗಳ ಪಹಣಿ

"ಮಲ್ಲಿ, ಮಲ್ಲಿ! ಯಾಪನೇ? ಯಾಪನೇ?"

ಅನುರಾಧಪುರದ ಬಸ್ ಸ್ಟ್ಯಾಂಡು, ಬೆಳಗ್ಗೆ ಆರೂವರೆ. ಕಂಡಕ್ಟರ್ ನನ್ನ ಬ್ಯಾಗಿನ ಪಟ್ಟಿ ಹಿಡಿದು ಕೂಗುತ್ತಿದ್ದ. ಯಾಪನೇ ಅಂದರೆ ಜಾಫ್ನಾ ಅಂತ ಗೊತ್ತಿತ್ತು. ಮಲ್ಲಿ ಮಾತ್ರ ಗೊತ್ತಿರಲಿಲ್ಲ. ನಮ್ಮೂರಲ್ಲಿ ಮಲ್ಲಿ ಅಂದರೆ ಹಿಂದಿನ ಬೀದಿಯ ಹುಡುಗಿ, ಇಲ್ಲಾಂದ್ರೆ ಅಜ್ಜಿ ಮನೆಯ ಹಸು. ಸಿಂಹಳದಲ್ಲಿ ತಮ್ಮ ಅಂತೆ. ನಲವತ್ತರ ಹತ್ತಿರ ಬಂದವನನ್ನು ತಮ್ಮಾ ಅಂದರೆ ಯಾರಿಗೆ ಬೇಜಾರು, ಹತ್ತಿ ಕೂತೆ.

ಶ್ರೀಲಂಕಾಕ್ಕೆ ಹೋದ ಕನ್ನಡದವರಿಗೆಲ್ಲ ಒಂದು ಮೋಸ ಆಗುತ್ತದೆ. ಬಸ್ಸಿನ ಬೋರ್ಡು ದೂರದಿಂದ ಕನ್ನಡದ ಹಾಗೇ ಕಾಣುತ್ತದೆ. ಗುಂಡು ಗುಂಡು ಅಕ್ಷರ, ಮೇಲೆ ಕೊಂಬು, ಪಕ್ಕದಲ್ಲಿ ಸುಳಿ. ಆಸೆಯಿಂದ ಹತ್ತಿರ ಹೋದರೆ ಒಂದಕ್ಷರವೂ ಹತ್ತುವುದಿಲ್ಲ. ಗುರುತಿನವರು ಅಂತ ಹಿಂದಿನಿಂದ ಬೆನ್ನು ತಟ್ಟಿದ ಮೇಲೆ ಬೇರೆ ಯಾರೋ ತಿರುಗಿ ನೋಡಿದ ಹಾಗೆ.

ರೈಲಿಗೆ ಹೋಗಬಹುದಿತ್ತು. 2014ರ ಅಕ್ಟೋಬರ್‌ನಲ್ಲಿ ರೈಲು ಮತ್ತೆ ಜಾಫ್ನಾ ಮುಟ್ಟಿತು, ಸರ್ಕಾರಕ್ಕೂ ತಮಿಳು ಹುಲಿಗಳಿಗೂ ನಡೆದ ಯುದ್ಧದಲ್ಲಿ ಕಿತ್ತುಹೋಗಿದ್ದ ಹಳಿ ಹಾಕಿಕೊಟ್ಟಿದ್ದು ನಮ್ಮ ಇರ್ಕಾನ್ ಕಂಪನಿ. ಆದರೆ ನನಗೆ ಎ9 ರಸ್ತೆ ನೋಡಬೇಕಿತ್ತು. ಕ್ಯಾಂಡಿಯಿಂದ ಜಾಫ್ನಾದವರೆಗೆ 300 ಕಿಲೋಮೀಟರಿಗಿಂತ ಉದ್ದದ ಆ ರಸ್ತೆಗಾಗಿ ಸತ್ತವರ ಲೆಕ್ಕ ಇಟ್ಟವರಿಲ್ಲ. ರಸ್ತೆ ನೋಡಬೇಕು ಅಂದರೆ ಬಸ್ಸಿನಲ್ಲೇ ಹೋಗಬೇಕು, ಕಿಟಕಿ ಪಕ್ಕ, ಮುಖಕ್ಕೆ ಧೂಳು ಹೊಡೆಯುವ ಹಾಗೆ.

ಲಂಕಾದ ಸರ್ಕಾರಿ ಬಸ್ಸು ನಮ್ಮ ಹಳೆ ಕೆಂಪು ಬಸ್ಸಿನ ಅಣ್ಣನ ಹಾಗಿದೆ. ಅದೇ ಲೇಲ್ಯಾಂಡ್ ಎಂಜಿನ್ನಿನ ಗೊರಗೊರ, ಅದೇ ತುಕ್ಕು, ಅದೇ ಸೀಟಿನ ರೆಕ್ಸಿನ್ ಹರಿದು ಇಣುಕುವ ಸ್ಪಂಜು. ಡ್ರೈವರ್ ತಲೆಯ ಮೇಲೆ ಮಿಣಮಿಣ ದೀಪದೊಳಗೆ ಬುದ್ಧ, ಪಕ್ಕದಲ್ಲಿ ಗಣಪತಿ, ಆ ಕಡೆ ಏಸು. ಇನ್ಶೂರೆನ್ಸ್ ಮೂರು ಕಂಪನಿಯದೂ ಇರಲಿ ಅನ್ನುವ ಹಾಗೆ. ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು. ನಾನು ಗೊತ್ತಿಲ್ಲದೆ ಅಲ್ಲೇ ಕೂತಿದ್ದೆ. ಹತ್ತು ನಿಮಿಷದಲ್ಲಿ ಕಾವಿಯವರೊಬ್ಬರು ಹತ್ತಿದರು, ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು. ಎದ್ದು ಹಿಂದಕ್ಕೆ ಹೋದೆ.

ಈ ಬಸ್ ಸ್ಟ್ಯಾಂಡಿನ ವಿಷಯಕ್ಕೆ ಬರುತ್ತೇನೆ. 1985ರ ಮೇ 14ರಂದು ಎಲ್‌ಟಿಟಿಇಯವರು, ಅಂದರೆ ಆ ಹುಲಿಗಳು, ಒಂದು ಬಸ್ಸನ್ನೇ ಅಪಹರಿಸಿಕೊಂಡು ಅನುರಾಧಪುರಕ್ಕೆ ಬಂದರು. ಬಸ್ಸು ಬಂದರೆ ಯಾರು ತಾನೇ ತಲೆ ಎತ್ತಿ ನೋಡುತ್ತಾರೆ? ಮೊದಲು ಗುಂಡು ಹಾರಿದ್ದು ಊರಿನ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿಗೆ ಕಾಯುತ್ತಿದ್ದವರ ಮೇಲೆ. ಅಲ್ಲಿಂದ ಮಹಾಬೋಧಿ ಮರದ ಹತ್ತಿರ ಹೋಗಿ ಪೂಜೆಗೆ ಬಂದವರನ್ನು, ಭಿಕ್ಷುಗಳನ್ನು ಕೊಂದರು. ಸತ್ತವರು 146 ಜನ. ಮಾರನೇ ದಿನವೇ ಉತ್ತರದಲ್ಲಿ, ಡೆಲ್ಫ್ಟ್ ದ್ವೀಪದಿಂದ ಬರುತ್ತಿದ್ದ ಕುಮುದಿನಿ ಅನ್ನುವ ದೋಣಿಯೊಳಗೆ ತಮಿಳರನ್ನು ಕಡಿದು ಹಾಕಿದರು, ಆರೋಪ ಬಂದಿದ್ದು ನೌಕಾಪಡೆಯವರ ಮೇಲೆ. ಒಂದು ಕಡೆ ಬಸ್ಸಿಗೆ ಕಾದವರು, ಇನ್ನೊಂದು ಕಡೆ ದೋಣಿ ಹತ್ತಿದವರು. ನಮ್ಮ ಹಾಗೆ ಬ್ಯಾಗು ಹಿಡಿದುಕೊಂಡು, ಊರಿಗೆ ಹೊರಟವರು.

ಅನುರಾಧಪುರದಲ್ಲಿ ಎರಡು ದಿನ ಬಾಡಿಗೆ ಸೈಕಲ್ಲಿನಲ್ಲಿ ಸುತ್ತಿದ್ದೆ. ಆ ಬೋಧಿ ಮರ ಅಶೋಕನ ಮಗಳು ಸಂಘಮಿತ್ತೆ ಗಯಾದಿಂದ ತಂದ ಕೊಂಬೆಯಿಂದ ಬೆಳೆದದ್ದು ಅಂತ ಪ್ರತೀತಿ. ಮಸ್ಕಿಯ ಬಂಡೆಯ ಮೇಲೆ ಹೆಸರು ಕೆತ್ತಿಸಿದ ಅದೇ ಅಶೋಕ. ಈಗ ಮರಕ್ಕೆ ಚಿನ್ನದ ಬಣ್ಣದ ಕಂಬಗಳ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಒಳಗೆ ಹೋಗುವಾಗ ತಪಾಸಣೆ ಇದೆ. ಜೇತವನ ಸ್ತೂಪ ನೋಡಿದರೆ ಕುತ್ತಿಗೆ ನೋಯುತ್ತದೆ, ಕಟ್ಟಿದಾಗ 122 ಮೀಟರ್ ಎತ್ತರ ಇತ್ತಂತೆ. ಎಲ್ಲ ಇಟ್ಟಿಗೆ. ಇಂಥವುಗಳ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ, ನಾನು ಹೊಸದಾಗಿ ಹೇಳುವುದೇನೂ ಇಲ್ಲ.

ನಾನು ಹೇಳಬೇಕಾಗಿರುವುದು ಯಾರೂ ಜಾಸ್ತಿ ಹೋಗದ ಒಂದು ಇಟ್ಟಿಗೆ ದಿಬ್ಬದ ಬಗ್ಗೆ. ಹೆಸರು ದಕ್ಷಿಣ ಸ್ತೂಪ.

ಕಥೆ ಹೀಗಿದೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಎಲ್ಲಾಳ ಅನ್ನುವ ತಮಿಳು ರಾಜ ಅನುರಾಧಪುರವನ್ನು 44 ವರ್ಷ ಆಳಿದ. ನ್ಯಾಯವಂತ ಅಂತ ಹೊಗಳುವುದು ತಮಿಳರಷ್ಟೇ ಅಲ್ಲ, ಸಿಂಹಳ ಭಿಕ್ಷುಗಳು ಬರೆದ ಮಹಾವಂಸ ಅನ್ನುವ ರಾಜರ ಚರಿತ್ರೆಯೂ. ದಕ್ಷಿಣದಿಂದ ದುಟ್ಟಗಾಮಿನಿ ದಂಡೆತ್ತಿ ಬಂದು ಅವನನ್ನು ಕೊಂದ. ಕೊಂದವನೇ ಸಮಾಧಿ ಕಟ್ಟಿಸಿದ, ಅದರ ಮುಂದೆ ಹೋಗುವಾಗ ವಾದ್ಯ ಬಾರಿಸಕೂಡದು, ಗೌರವ ಕೊಡಬೇಕು ಅಂತ ಆಜ್ಞೆ ಮಾಡಿದ. ಎರಡು ಸಾವಿರ ವರ್ಷ ಆದಮೇಲೂ ಜನ ಅದನ್ನು ಪಾಲಿಸುತ್ತಿದ್ದರು. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಕ್ಯಾಂಡಿಯ ನಾಯಕನೊಬ್ಬ, ಸುಸ್ತಾಗಿದ್ದರೂ ಪಲ್ಲಕ್ಕಿಯಿಂದ ಇಳಿದು, ಸಮಾಧಿ ದಾಟಿತು ಅಂತ ಖಾತ್ರಿ ಆಗುವವರೆಗೆ ನಡೆದೇ ಹೋದನಂತೆ.

ಆ ಸಮಾಧಿ ಇದೇ ದಿಬ್ಬ ಅಂತ ಜನ ನಂಬಿದ್ದರು. 20ನೇ ಶತಮಾನದಲ್ಲಿ ಪುರಾತತ್ವದ ಪರಣವಿತಾನ ಅಗೆಸಿ ನೋಡಿ, ಇದು ಎಲ್ಲಾಳನದಲ್ಲ, ದುಟ್ಟಗಾಮಿನಿಯದೇ ಚಿತಾಭಸ್ಮದ ಜಾಗ ಅಂದರು. ಆಮೇಲೆ ಸರ್ಕಾರವೂ ಹಾಗೇ ಅಂದಿತು. ಸೋತವನ ಗೋರಿ ಗೆದ್ದವನ ಗೋರಿ ಆಯಿತು.

ನನಗೆ ನಗು ಬಂತು, ಆಮೇಲೆ ನಗು ಹೋಯಿತು. ನಮ್ಮ ಅಪ್ಪನಿಗೂ ಚಿಕ್ಕಪ್ಪನಿಗೂ ಆರು ಗುಂಟೆ ಜಾಗದ ಕೇಸು 18 ವರ್ಷ ನಡೆಯಿತು. ನಾನು ಹೈಸ್ಕೂಲಿನಿಂದ ಕೆಲಸಕ್ಕೆ ಸೇರುವವರೆಗೂ ಮನೆಯಲ್ಲಿ ಅದೇ ಮಾತು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, ಮ್ಯುಟೇಶನ್ ಯಾವಾಗ ಆಯಿತು, ಬಾಂದುಕಲ್ಲು ರಾತ್ರೋರಾತ್ರಿ ಯಾರು ಜರುಗಿಸಿದರು. ಆ ಹೊಲದಲ್ಲಿ ಅಜ್ಜ ಯಾವ ಮಾವಿನ ಮರದ ಕೆಳಗೆ ಮಲಗುತ್ತಿದ್ದ ಅನ್ನುವುದು ಯಾರಿಗೂ ನೆನಪಿರಲಿಲ್ಲ. ಬಾಂದುಕಲ್ಲು ಮಾತ್ರ ನೆನಪಿತ್ತು. ದಿಬ್ಬದ ಮುಂದೆ ನಿಂತು ನನಗನಿಸಿದ್ದು ಇಷ್ಟೇ: ಇದು ಮ್ಯುಟೇಶನ್. ಇಟ್ಟಿಗೆ ಅಲ್ಲೇ ಇದೆ, ಖಾತೆ ಬದಲಾಗಿದೆ.

ಪುರಾತತ್ವದವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರು ಹೇಳಿದ್ದೇ ನಿಜ ಇರಬಹುದು. ಆದರೆ 26 ವರ್ಷ ಯುದ್ಧ ಆದ ದೇಶದಲ್ಲಿ ಯಾವ ಕಲ್ಲೂ ಸುಮ್ನೆ ಕಲ್ಲಾಗಿ ಉಳಿಯುವುದಿಲ್ಲ.

ಅದೇ ಮಹಾವಂಸದಲ್ಲಿ ಇನ್ನೊಂದು ಮಾತಿದೆ, ಓದಿದಾಗಿನಿಂದ ತಲೆಯಿಂದ ಹೋಗಿಲ್ಲ. ಯುದ್ಧ ಗೆದ್ದ ಮೇಲೆ ದುಟ್ಟಗಾಮಿನಿಗೆ ನಿದ್ದೆ ಬರಲಿಲ್ಲ, ಇಷ್ಟು ಜನರನ್ನು ಕೊಂದೆನಲ್ಲ ಅಂತ. ಭಿಕ್ಷುಗಳು ಬಂದು ಸಮಾಧಾನ ಹೇಳಿದರು: ನೀನು ಕೊಂದದ್ದು ಒಂದೂವರೆ ಮನುಷ್ಯರನ್ನು ಮಾತ್ರ. ಒಬ್ಬ ಬುದ್ಧ, ಧರ್ಮ, ಸಂಘಕ್ಕೆ ಶರಣು ಅನ್ನುವ ತ್ರಿಶರಣ ತೆಗೆದುಕೊಂಡು ಪಂಚಶೀಲವನ್ನೂ ಪಾಲಿಸುತ್ತಿದ್ದ, ಅವನು ಪೂರ್ತಿ. ಇನ್ನೊಬ್ಬ ತ್ರಿಶರಣ ಮಾತ್ರ, ಅವನು ಅರ್ಧ. ಉಳಿದವರು ಪಶುಗಳಿಗೆ ಸಮ.

ಒಂದೂವರೆ.

ಇದರಲ್ಲಿ ನಾವೂ ಇದ್ದೇವೆ, ಹೊರಗಿನಿಂದ ನೋಡುವ ಹಾಗಿಲ್ಲ. ಮಹಾವಂಸದ ಮುಂದುವರಿಕೆಯಾದ ಚೂಳವಂಸದಲ್ಲಿ 10ನೇ ಶತಮಾನದ ಕೊನೆಗೆ ಪಟ್ಟಕ್ಕೆ ಬಂದ ರಾಜ ಐದನೇ ಮಹಿಂದನ ಕಥೆ ಬರುತ್ತದೆ. ಸಂಬಳ ಕೊಡಲು ಅವನ ಹತ್ತಿರ ದುಡ್ಡಿಲ್ಲ. ಕೇರಳದ ಬಾಡಿಗೆ ಸೈನಿಕರು ಅರಮನೆ ಸುತ್ತುವರಿದು, ನಮ್ಮ ಸಂಬಳ ಬರುವವರೆಗೆ ರಾಜನಿಗೆ ಊಟ ಇಲ್ಲ ಅಂದರು. ರಾಜ ಸುರಂಗದಿಂದ ಪರಾರಿ. ಆಮೇಲೆ ರಾಜ್ಯದಲ್ಲಿ ಕೇರಳದವರು, ಸಿಂಹಳರು ಮತ್ತು 'ಕಣ್ಣಾಟರು' ತಮಗೆ ತೋಚಿದ ಹಾಗೆ ದರ್ಬಾರು ಮಾಡಿದರು ಅಂತ ಬರೆದಿದೆ. ಕಣ್ಣಾಟರು ಅಂದರೆ ಯಾರು ಅಂತ ಬೇರೆ ಹೇಳಬೇಕಾ? ದರ್ಬಾರು ಮಾಡಿದವರಲ್ಲಿ ನಮ್ಮವರೂ ಇದ್ದರು ಅಂತ ಮೊದಲು ಖುಷಿಯಾಯಿತು. ಅವರು ಅಲ್ಲಿಯ ರೈತರ ಮನೆ ಬಾಗಿಲಲ್ಲಿ ಹೇಗೆ ನಡೆದುಕೊಂಡಿರಬಹುದು ಅಂತ ಆಮೇಲೆ ಹೊಳೆಯಿತು.

ವವುನಿಯಾ ದಾಟಿದ ಮೇಲೆ ಬಸ್ಸಿನಲ್ಲಿ ಭಾಷೆ ಬದಲಾಯಿತು. ಇಳಿದವರು ಸಿಂಹಳದವರು, ಹತ್ತಿದವರು ತಮಿಳರು. ಕಂಡಕ್ಟರ್ ಅದೇ, ನಾಲಿಗೆ ಬೇರೆ. ಹಿಂದಿನ ಬಾಗಿಲಿನಿಂದ ಕ್ಲೀನರ್ ಹುಡುಗ "ಅಣ್ಣೈ, ರೈಟ್!" ಅಂದ. ನಮ್ಮ 'ರೈಟ್ ರೈಟ್' ಇಲ್ಲೂ ಇದೆಯಲ್ಲ ಅಂತ ಸಮಾಧಾನ. ನಾನು ಮಲ್ಲಿಯಿಂದ ತಂಬಿ ಆದೆ.

ಮುಂದೆ ಓಮಂತೈ. ಕದನವಿರಾಮ ಆಗಿ 2002ರಲ್ಲಿ ಎ9 ತೆರೆದಾಗ ಸರ್ಕಾರದ ಕಡೆಯಿಂದ ಹುಲಿಗಳ ಕಡೆಗೆ ದಾಟುವವರು ಇಲ್ಲೇ ಇಳಿದು, ಬ್ಯಾಗು ಬಿಚ್ಚಿ ತೋರಿಸಿ, ನಡೆದು ಹೋಗಬೇಕಿತ್ತು. 2006ರ ಆಗಸ್ಟಿನಲ್ಲಿ ರಸ್ತೆ ಮತ್ತೆ ಮುಚ್ಚಿತು. ಈಗ ಬಸ್ಸು ನಿಲ್ಲುವುದೂ ಇಲ್ಲ. ನಾನು ಫೋನಿನ ಮ್ಯಾಪು ನೋಡುತ್ತಿದ್ದೆ, ತಲೆ ಎತ್ತುವಷ್ಟರಲ್ಲಿ ಓಮಂತೈ ಹಿಂದೆ ಹೋಗಿತ್ತು. ಗಡಿ ಅನ್ನುವುದು ಹೀಗೆ ಫೋನು ನೋಡುತ್ತಾ ಕಳೆದುಹೋಗುವ ವಸ್ತು ಆಗಿದ್ದು ಒಳ್ಳೆಯದೇ.

ಮಾಂಕುಳಂ, ಕಿಲಿನೊಚ್ಚಿ, ಪರಂದನ್. ರಸ್ತೆ ಅಂದವಾಗಿದೆ, ನಮ್ಮ ತುಮಕೂರು ರಸ್ತೆಗಿಂತ ನುಣುಪು. ಅಕ್ಕಪಕ್ಕ ಒಂದೇ ಅಚ್ಚಿನ ಹೊಸ ಮನೆಗಳು, ನಡುನಡುವೆ ಗೋಡೆ ಮಾತ್ರ ಉಳಿದ ಹಳೆ ಮನೆಗಳು, ಒಳಗೆ ಮರ ಬೆಳೆದಿದೆ. ಆನೈಯಿರವು ಬಂತು, ಎಲಿಫೆಂಟ್ ಪಾಸ್ ಅಂತ ಪೇಪರಿನಲ್ಲಿ ಓದುತ್ತಿದ್ದೆವಲ್ಲ, ಅದೇ. ಎರಡೂ ಕಡೆ ಹಿನ್ನೀರು, ಉಪ್ಪಿನ ಮಡಿ, ನಡುವೆ ಒಂದು ರಸ್ತೆ. ಜಾಫ್ನಾದ ಕುತ್ತಿಗೆ ಇದು. 1991ರಲ್ಲಿ ಹುಲಿಗಳು ಬುಲ್ಡೋಜರಿಗೆ ಉಕ್ಕಿನ ತಗಡು ಬಡಿದು ಟ್ಯಾಂಕಿನ ಹಾಗೆ ಮಾಡಿಕೊಂಡು ಬಂದರು. ಸೈನಿಕನೊಬ್ಬ ಗ್ರೆನೇಡ್ ಹಿಡಿದು ಅದರ ಮೇಲೆ ಹತ್ತಿ ತಾನೂ ಸತ್ತು ಅದನ್ನು ನಿಲ್ಲಿಸಿದ. ಆ ಬುಲ್ಡೋಜರನ್ನು ರಸ್ತೆ ಬದಿ ಕಟ್ಟೆ ಕಟ್ಟಿ ಇಟ್ಟಿದ್ದಾರೆ. ಬಸ್ಸಿನಲ್ಲಿ ನಾನೊಬ್ಬನೇ ಕತ್ತು ಹೊರಳಿಸಿ ನೋಡಿದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಲ್ಲಿ ಮಿಕ್ಸಿ ಜಾರು ಇಟ್ಟುಕೊಂಡು ಎದುರಿಗೇ ನೋಡುತ್ತಿದ್ದರು. ಬ್ಲೇಡು ಹರಿತ ಮಾಡಿಸಿಕೊಂಡು ವಾಪಸ್ ಹೊರಟಿದ್ದರಂತೆ.

ಮುಹಮಾಲೈ ಹತ್ತಿರ ತಲೆ ಹಾರಿದ ತಾಳೆ ಮರಗಳು. ಶೆಲ್ ಬಿದ್ದು ಗರಿಯ ಮಂಡೆ ಹೋಗಿ ಬರೀ ಕಂಬ ನಿಂತಿವೆ. ನೆಲಬಾಂಬು ತೆಗೆಯುವ ಕೆಲಸ ಯುದ್ಧ ಮುಗಿದು ಎಷ್ಟೋ ವರ್ಷ ಇಲ್ಲಿ ನಡೆದಿದೆ. ಮುಖಕ್ಕೆ ಗಾಜಿನ ಪರದೆ ಹಾಕಿಕೊಂಡು ಮೊಣಕಾಲೂರಿ ಮಣ್ಣು ಕೆದಕಿದವರಲ್ಲಿ ಹೆಂಗಸರೇ ಬಹಳ. ಕಳೆ ಕೀಳುವ ಕೆಲಸದ ಹಾಗೇ ಕೂತು ಮಾಡುವುದು, ಇಂಚು ಇಂಚು.

ಜಾಫ್ನಾ ಊರಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸೀರೆ ಉಟ್ಟ ಅಮ್ಮಂದಿರು ಸೈಕಲ್ಲು ಹೊಡೆಯುತ್ತಾರೆ, ನೋಡಲು ಖುಷಿ. ಬೆಳಗ್ಗೆ ಒತ್ತುಶ್ಯಾವಿಗೆ, ಅದಕ್ಕೆ ಸೊದಿ ಅಂತ ತೆಂಗಿನ ಹಾಲಿನ ತೆಳು ಸಾರು. ನಲ್ಲೂರು ದೇವಸ್ಥಾನಕ್ಕೆ ಗಂಡಸರು ಅಂಗಿ ಬಿಚ್ಚಿ ಹೋಗಬೇಕು, ಧರ್ಮಸ್ಥಳದ ಹಾಗೆ. ಕೋಟೆಯನ್ನು ಪೋರ್ಚುಗೀಸರು ಶುರು ಮಾಡಿ ಡಚ್ಚರು ಐದು ಮೂಲೆಯದಾಗಿ ಮುಗಿಸಿದರು, ಒಳಗಿದ್ದ ಚರ್ಚು ಯುದ್ಧದಲ್ಲಿ ನೆಲಸಮ. ಗ್ರಂಥಾಲಯಕ್ಕೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. 1981ರ ಮೇ ಕೊನೆಯ ರಾತ್ರಿ ಅದನ್ನು ಸುಟ್ಟಾಗ 97,000 ಪುಸ್ತಕ, ತಾಳೆಗರಿ ಹೋದವು. ಈಗ ಬೆಳ್ಳಗೆ ಹೊಸದಾಗಿದೆ, ಮುಂದೆ ಸರಸ್ವತಿ ಕೂತಿದ್ದಾಳೆ. ನಾನು ಹೋದಾಗ ಹುಡುಗಿಯೊಬ್ಬಳು ಲೆಕ್ಕದ ಗೈಡು ತೆರೆದಿಟ್ಟುಕೊಂಡು ಅದರ ಮೇಲೇ ನಿದ್ದೆ ಹೋಗಿದ್ದಳು. ಗ್ರಂಥಾಲಯ ಅಂದರೆ ಹೀಗಿರಬೇಕು ಅನಿಸಿತು.

ಕೀರಿಮಲೈಗೂ ಹೋಗಿಬಂದೆ. ಮುಂಗುಸಿ ಮುಖದ ಋಷಿ ಮಿಂದು ವಾಸಿಯಾದ ಕೊಳ, ಕಡಲಿಗೆ ಅಂಟಿಕೊಂಡೇ ಇದೆ. ಮುಂಗುಸಿಗೆ ಅವರು ಕೀರಿ ಅನ್ನುತ್ತಾರೆ. ನಮ್ಮ ಅಜ್ಜಿ ಕೀರ ಅನ್ನುತ್ತಿದ್ದಳು.

ಕಂದರೋಡೈಗೆ ಹೋದದ್ದು ಕೊನೆಯ ದಿನ. ಜಾಫ್ನಾ ಸ್ಟ್ಯಾಂಡಿನಿಂದ ಚುನ್ನಾಗಂ ಬಸ್ಸು, ಅಲ್ಲಿಂದ ಹೊಗೆಸೊಪ್ಪು, ಈರುಳ್ಳಿ ಹೊಲಗಳ ನಡುವೆ ನಡಿಗೆ. ಕೆಂಪು ಮಣ್ಣು, ತಾಳೆಗರಿಯ ಬೇಲಿ. ದಾರಿ ತಪ್ಪಿ ಒಬ್ಬರ ಹಿತ್ತಿಲಿಗೆ ನುಗ್ಗಿ ನಾಯಿ ಹತ್ತಿರ ಬೈಸಿಕೊಂಡೆ.

ತಿರುವಿನಲ್ಲಿ ಸರಳಿನ ಬೇಲಿ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಪುಟ್ಟ ಪುಟ್ಟ ಸ್ತೂಪಗಳು. ಇಪ್ಪತ್ತರ ಆಸುಪಾಸು. ಅನುರಾಧಪುರದಲ್ಲಿ ಕುತ್ತಿಗೆ ನೋಯಿಸಿಕೊಂಡು ಬಂದವನಿಗೆ ಇವು ತಮಾಷೆ ಅನಿಸುತ್ತವೆ, ಸಾಲುಪಂಕ್ತಿಗೆ ಬಡಿಸಿಟ್ಟ ರಾಗಿಮುದ್ದೆಗಳ ಹಾಗಿವೆ, ಬಣ್ಣವೂ ಅದೇ. ಹತ್ತಿರ ಹೋಗಿ ಕೂತು ನೋಡಿದರೆ ಇಟ್ಟಿಗೆ ಅಲ್ಲ, ಹವಳದ ಕಲ್ಲು. ಕಲ್ಲಿನ ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು, ಒಂದೊಂದು ತೂತೂ ಒಂದು ಕಾಲಕ್ಕೆ ಸಮುದ್ರದ ಜೀವಿ ಇದ್ದ ಮನೆ. ಅದರೊಳಗೊಂದು ಇರುವೆ ಸಾಲು.

ಇಲ್ಲಿ 60 ಜನ ಭಿಕ್ಷುಗಳು ವಿಷದ ಅಣಬೆ ತಿಂದು ಸತ್ತರು, ಒಬ್ಬೊಬ್ಬರಿಗೆ ಒಂದೊಂದು ಸ್ತೂಪ ಅಂತ ಒಂದು ಕಥೆ. ಪಾಲ್ ಪೀರಿಸ್ ಅನ್ನುವ ಅಧಿಕಾರಿ 1917ರ ಸುಮಾರಿಗೆ ಇವುಗಳನ್ನು ಹೊರಜಗತ್ತಿಗೆ ತೋರಿಸಿದರು. 1970ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅಗೆದಾಗ ಕೆಳಗೆ ಸಿಕ್ಕಿದ್ದು ಕಪ್ಪು ಕೆಂಪು ಮಡಕೆ ಚೂರು. ನಮ್ಮ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆದಾಗಲೂ ಅದೇ ಬಗೆಯ ಮಡಕೆ. ಕುಂಬಾರನಿಗೆ ಗಡಿ ಗೊತ್ತಿರಲಿಲ್ಲ.

ಜಗಳ ಇರುವುದು ಬೋರ್ಡಿನಲ್ಲಿ. ಸಿಂಹಳದಲ್ಲಿ ಇದು ಕದುರುಗೊಡ ವಿಹಾರ. ತಮಿಳರಿಗೆ ಕಂದರೋಡೈ. ಬೌದ್ಧ ಗುರುತು ಇದೆ ಅಂದಮೇಲೆ ಇಲ್ಲಿ ಸಿಂಹಳರಿದ್ದರು, ಅಂದಮೇಲೆ ಈ ನೆಲ ನಮ್ಮದು ಅನ್ನುವುದು ಒಂದು ವಾದ. ತಮಿಳರಲ್ಲೂ ಬೌದ್ಧರಿದ್ದರು, ಮಣಿಮೇಖಲೈ ಅನ್ನುವ ಬೌದ್ಧ ಕಾವ್ಯ ತಮಿಳಿನದೇ ಅಲ್ವಾ ಅನ್ನುವುದು ಇನ್ನೊಂದು. ನನಗೆ ಎರಡನೆಯದೇ ಸರಿ ಅನಿಸುತ್ತದೆ, ಆದರೆ ಅದನ್ನೂ ಪಹಣಿ ಮಾಡಿಕೊಂಡು ಓಡಾಡುವವರಿದ್ದಾರೆ. 2020ರಲ್ಲಿ ಪೂರ್ವ ಪ್ರಾಂತ್ಯದ ಪುರಾತನ ಜಾಗಗಳನ್ನು ಕಾಯಲು ಸರ್ಕಾರ ಕಾರ್ಯಪಡೆ ಮಾಡಿದಾಗ ಅದಕ್ಕೆ ಅಧ್ಯಕ್ಷ ಯಾರು ಗೊತ್ತಾ? ರಕ್ಷಣಾ ಕಾರ್ಯದರ್ಶಿ. ಮಡಕೆ ಚೂರಿಗೆ ಮಿಲಿಟರಿ.

ನಮ್ಮ ಸನ್ನತಿ ನೆನಪಾಯಿತು. 1986ರಲ್ಲಿ ಚಂದ್ರಲಾಂಬ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯಿತು. ಬೌದ್ಧರ ಕಲ್ಲಿನ ಮೇಲೆ ಕಾಳಿ ನಿಂತಿದ್ದಳು, ಯಾರಿಗೂ ತೊಂದರೆ ಇರಲಿಲ್ಲ. ನಮಗೆ ಬುದ್ಧಿ ಜಾಸ್ತಿ ಅಂತಲ್ಲ. ಅಲ್ಲಿ ಅದರ ಮೇಲೆ ಕೇಸು ಹಾಕುವವರು ಇನ್ನೂ ಹುಟ್ಟಿರಲಿಲ್ಲ ಅಷ್ಟೇ.

ಎದುರಿನ ಅಂಗಡಿಯಲ್ಲಿ ಟೀ ಕುಡಿಯುವಾಗ ಅಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ನನ್ನದು ಬೆಂಗಳೂರಿನ ಹರಕು ತಮಿಳು, ಅವರದು ಜಾಫ್ನಾದ ತೂಕದ ತಮಿಳು.

"ತಂಬಿ ಇಂಡಿಯಾನಾ?"

"ಹೌದು ಅಯ್ಯಾ, ಬೆಂಗಳೂರು."

"87ರಲ್ಲಿ ನಿಮ್ಮ ಆರ್ಮಿ ಬಂದಾಗ ನಾವು ಹೂವಿನ ಹಾರ ಹಾಕಿದೆವು."

"ಆಮೇಲೆ?"

"ಆಮೇಲೆ ಓಡಿದೆವು."

ಟೀ ಲೋಟ ಕೆಳಗಿಟ್ಟು ಬೀಡಿ ಹಚ್ಚಿದರು. ಸಿಟ್ಟಿನಿಂದ ಹೇಳಿದ ಮಾತಲ್ಲ, ಹೋದ ವರ್ಷದ ಮಳೆ ಬಗ್ಗೆ ಹೇಳಿದ ಹಾಗಿತ್ತು. ಜುಲೈಯಲ್ಲಿ ಬಂದ ಭಾರತದ ಶಾಂತಿಪಾಲನಾ ಪಡೆ ಅಕ್ಟೋಬರಿಗೆ ಜಾಫ್ನಾದ ಬೀದಿಗಳಲ್ಲಿ ಹುಲಿಗಳ ಜೊತೆ ಯುದ್ಧ ಮಾಡುತ್ತಿತ್ತು. 1990ರ ಮಾರ್ಚಿನಲ್ಲಿ ವಾಪಸ್ ಬರುವಷ್ಟರಲ್ಲಿ ನಮ್ಮವರೇ ಸುಮಾರು 1,200 ಜನ ಸತ್ತಿದ್ದರು. ನಾವು ಶಾಲೆಯಲ್ಲಿ ಇದನ್ನು ಓದಲೇ ಇಲ್ಲ. ಅವರಿಗೆ ಏನು ಹೇಳಬೇಕು ತಿಳಿಯದೆ, ಸುಮ್ನೆ ಸ್ತೂಪಗಳ ಕಡೆ ಕೈ ತೋರಿಸಿ, ಅಯ್ಯಾ ಇವು ಯಾರದು ಅಂತ ಕೇಳಿದೆ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಅನಿಸಿತು.

ಅವರು ಹೊಗೆ ಬಿಟ್ಟು ಹೇಳಿದರು. "ನಾವು ಚಿಕ್ಕವರಿದ್ದಾಗ ಇಲ್ಲಿ ಆಡು ಮೇಯಿಸುತ್ತಿದ್ದೆವು. ಆಡು ಅದರ ಮೇಲೆ ಹತ್ತುತ್ತಿದ್ದವು. ಆಗ ಬೋರ್ಡು ಇರಲಿಲ್ಲ."

ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟರು, ಎಷ್ಟು ಹೇಳಿದರೂ ಬಿಡಲಿಲ್ಲ.

ವಾಪಸ್ ಬರುವಾಗ ಬಸ್ಸು ಮುರಿಗಂಡಿಯಲ್ಲಿ ನಿಂತಿತು. ಹೋಗುವಾಗಲೂ ನಿಂತಿತ್ತಂತೆ, ನನಗೆ ನಿದ್ದೆ. ಎ9 ಬದಿಯಲ್ಲಿ ಒಂದು ಚಿಕ್ಕ ಪಿಳ್ಳೈಯಾರ್ ಗುಡಿ, ನಮ್ಮ ಯಾವ ಬಡಾವಣೆಯ ಗಣಪತಿ ಗುಡಿಗಿಂತಲೂ ದೊಡ್ಡದಲ್ಲ. ಈ ರಸ್ತೆಯಲ್ಲಿ ಹೋಗುವ ಗಾಡಿಗಳೆಲ್ಲ ಇಲ್ಲಿ ನಿಲ್ಲುತ್ತವೆ. ಸಿಂಹಳದವರ ಲಾರಿ, ಮುಸ್ಲಿಮರ ವ್ಯಾನು, ಮಿಲಿಟರಿ ಟ್ರಕ್ಕು, ಯಾವುದೇ ಇರಲಿ. ನಿಲ್ಲಿಸದೆ ಹೋದರೆ ಮುಂದೆ ಗಾಡಿ ಕೆಡುತ್ತದೆ ಅಂತ ನಂಬಿಕೆ. ಡ್ರೈವರುಗಳ ನಂಬಿಕೆಗೆ ಎದುರು ಮಾತಾಡಬಾರದು. ನಮ್ಮ ಡ್ರೈವರ್ ಸಿಂಹಳದವನು. ಚಪ್ಪಲಿ ಬಿಟ್ಟು ಓಡಿಹೋಗಿ ತೆಂಗಿನಕಾಯಿ ಒಡೆದು, ಹಣೆಗೆ ವಿಭೂತಿ ಎಳೆದುಕೊಂಡು ಬಂದು, ಸ್ಟೇರಿಂಗ್ ಮೇಲೂ ಸ್ವಲ್ಪ ಉಜ್ಜಿದ. ಮೇಲಿದ್ದ ಬುದ್ಧ ಮಿಣಮಿಣ ಅಂತಿದ್ದ.

ಗುಡಿಯ ಸುತ್ತ ಇರುವುದೆಲ್ಲ ಕಡಲೆಕಾಯಿ ಅಂಗಡಿ. ಬಿಸಿ ಮರಳಿನಲ್ಲಿ ಹುರಿದ ಕಡಲೆಕಾಯಿಗೆ ಕಚ್ಚಾನ್ ಅನ್ನುತ್ತಾರೆ, ಮುರಿಗಂಡಿ ಕಚ್ಚಾನ್ ಅಂದರೆ ದೇಶಕ್ಕೇ ಹೆಸರು. ದೊಡ್ಡ ಗಣೇಶನ ಗುಡಿ ಎದುರಿನ ಕಡಲೆಕಾಯಿ ಪರಿಷೆ ಇಲ್ಲಿ ವರ್ಷಪೂರ್ತಿ ನಡೆಯುತ್ತದೆ ಅಂದುಕೊಳ್ಳಿ. ಎರಡು ಪೊಟ್ಟಣ ತೆಗೆದುಕೊಂಡೆ. ಪೊಟ್ಟಣ ಮಡಿಸಿದ್ದು ಯಾವುದೋ ಶಾಲೆ ನೋಟ್‌ಬುಕ್ಕಿನ ಹಾಳೆಯಲ್ಲಿ, ಒಂದು ತಮಿಳಿನದು, ಒಂದು ಸಿಂಹಳದ್ದು. ಎರಡರಲ್ಲೂ ಟೀಚರು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದರು.

ಕಂಡಕ್ಟರ್ ಹತ್ತಿ ತಲೆ ಎಣಿಸಿದ. ನನ್ನ ಪಕ್ಕದ ಸೀಟಿಗೆ ಹೊಸದಾಗಿ ಬಂದ ಹುಡುಗ ಕೇಳದೆಯೇ ಪೊಟ್ಟಣಕ್ಕೆ ಕೈ ಹಾಕಿದ. ಅನುರಾಧಪುರದವರೆಗೂ ಇಬ್ಬರೂ ಸಿಪ್ಪೆಯನ್ನು ಕಿಟಕಿಯಿಂದ ಆಚೆ ಬಿಸಾಕುತ್ತಾ ಬಂದೆವು.